ಕತ್ತರಿಗೆ ಸಿಕ್ಕಿದ ಸದ್ದು

ಧ್ವನಿಮುದ್ರಣದ ಚರಿತ್ರೆಯನ್ನು ಸಾಮಾನ್ಯವಾಗಿ ನಿಷ್ಠೆಯ ಚರಿತ್ರೆಯಾಗಿ, ಅಂದರೆ ಯಂತ್ರದ ಸದ್ದು ಮೂಲದ ಸದ್ದಿಗೆ ವರ್ಷದಿಂದ ವರ್ಷಕ್ಕೆ ಹೇಗೆ ಹತ್ತಿರವಾಗುತ್ತ ಬಂದಿತೆಂಬ ಕತೆಯಾಗಿ ಹೇಳಲಾಗುತ್ತದೆ. ತವರದ ಹಾಳೆ, ಮೇಣದ ಉರುಳೆ, ಅರಗಿನ ತಟ್ಟೆ, ಟೇಪು, ಸಿ.ಡಿ. ಎಂದು ಸಾಗುವ ಈ ಕತೆ ಸುಳ್ಳಲ್ಲವಾದರೂ, ಸಿನಿಮಾ ಮತ್ತು ರೇಡಿಯೊ ನಾಟಕಗಳಿಗಾಗಿ ಸದ್ದುಗಳನ್ನು ಆಯ್ದು, ಹೊಸದಾಗಿ ಕಟ್ಟಿ, ಒಂದರ ಪಕ್ಕ ಒಂದನ್ನು ಜೋಡಿಸುವ ಧ್ವನಿ ವಿನ್ಯಾಸವೆಂಬ ಕಸುಬು ಹುಟ್ಟಿದ ಬಗೆಯನ್ನು ಅದು ವಿವರಿಸುವುದಿಲ್ಲ. ಆ ಕಸುಬು ಸದ್ದನ್ನು ಹಿಡಿಯುವ ಯಂತ್ರದಿಂದ ಹುಟ್ಟಲಿಲ್ಲ. ಹಿಡಿದ ಸದ್ದನ್ನು ಕತ್ತರಿಸಿ ಬೇರೆ ಕಡೆ ಅಂಟಿಸುವ ಸೌಕರ್ಯ ಸಿಕ್ಕಿದಾಗ ಹುಟ್ಟಿತು, ಮತ್ತು ಇವೆರಡರ ನಡುವೆ ಅರ್ಧ ಶತಮಾನಕ್ಕೂ ಮಿಕ್ಕ ಅಂತರವಿದೆ.

ಪ್ಯಾರಿಸ್ಸಿನ ಎದುವಾರ್ ಲಿಯೋನ್ ಸ್ಕಾಟ್ ದ ಮಾರ್ಟಿನ್‌ವಿಲ್ ಅವರು 1857ರಲ್ಲಿ ಪೇಟೆಂಟ್ ಪಡೆದ ಯಂತ್ರವು ಧ್ವನಿಯ ಕಂಪನಗಳನ್ನು ಮಸಿ ಹಿಡಿಸಿದ ಕಾಗದದ ಮೇಲೆ ಗೆರೆಯಾಗಿ ಬರೆಯುತ್ತಿತ್ತೇ ಹೊರತು, ಆ ಗೆರೆಯನ್ನು ಮರಳಿ ಕೇಳಬಹುದೆಂಬ ಯೋಚನೆ ಅದರ ಹಿಂದೆ ಇರಲಿಲ್ಲ. 1860ರ ಅಂಥದೊಂದು ಗೆರೆಯನ್ನು ಅಮೆರಿಕದ ಸಂಶೋಧಕರು 2008ರಲ್ಲಿ ಕಂಪ್ಯೂಟರಿನ ನೆರವಿನಿಂದ ನುಡಿಸಿದಾಗ ಮೊದಲು ಹೆಣ್ಣುದನಿಯ ಹಾಡು ಕೇಳಿಸಿತು. ಮರುವರ್ಷ ವೇಗವನ್ನು ಸರಿಪಡಿಸಿದ ಮೇಲೆ ಅದು ಗಂಡಸಿನ, ಬಹುಶಃ ಸ್ಕಾಟ್ ಅವರದೇ ದನಿಯೆಂದು ತಿಳಿಯಿತು. ಥಾಮಸ್ ಎಡಿಸನ್ 1877ರಲ್ಲಿ ತವರದ ಹಾಳೆಯ ಮೇಲೆ ಸದ್ದನ್ನು ಬರೆದು ಮರಳಿ ನುಡಿಸಿದರು, ಹತ್ತು ವರ್ಷಗಳ ತರುವಾಯ ಎಮಿಲ್ ಬರ್ಲಿನರ್ ಚಪ್ಪಟೆ ತಟ್ಟೆಯ ಗ್ರಾಮಫೋನನ್ನು ತಂದರು, ಮತ್ತು 1902ರಲ್ಲಿ ಕಲ್ಕತ್ತೆಗೆ ಬಂದ ಫ್ರೆಡ್ ಗೈಸ್‌ಬರ್ಗ್ ಗೌಹರ್ ಜಾನ್ ಅವರ ಹಾಡುಗಾರಿಕೆಯನ್ನು ಮುದ್ರಿಸಿಕೊಂಡರು. ಆಗಿನ್ನೂ ಮೈಕ್ ಇರಲಿಲ್ಲ. ಹಾಡುವವರು ದೊಡ್ಡ ಕೊಳವೆಯೊಳಕ್ಕೆ ದನಿಯೆತ್ತಿ ಹಾಡಬೇಕಿತ್ತು, ಆ ದನಿಯ ಬಲದಿಂದಲೇ ಮುಳ್ಳು ಮೇಣವನ್ನು ಕೊರೆಯಬೇಕಿತ್ತು. ಪಿಟೀಲಿನ ಸದ್ದು ಈ ಕೆಲಸಕ್ಕೆ ಸಾಲದೆ ಅದಕ್ಕೇ ಲೋಹದ ಕೊಳವೆ ಸಿಕ್ಕಿಸಿದ ವಾದ್ಯವೊಂದು ತಯಾರಾದದ್ದುಂಟು. 1925ರಲ್ಲಿ ಮೈಕ್ ಮತ್ತು ವಿದ್ಯುತ್ ಆಂಪ್ಲಿಫೈಯರು ಬಂದು ಈ ಕಷ್ಟ ತೀರಿತಾದರೂ, ತಟ್ಟೆಯ ಮೇಲಿನ ಗೀರು ಮೊದಲಿನಿಂದ ಕೊನೆಯವರೆಗೆ ಅಖಂಡವಾಗಿಯೇ ಉಳಿಯಿತು. ನಡುವೆ ಒಂದು ಸ್ವರ ತಪ್ಪಿದರೆ ಇಡೀ ಹಾಡನ್ನು ಮತ್ತೆ ಹಾಡದೆ ಗತ್ಯಂತರವಿರಲಿಲ್ಲ.

ಸಿನಿಮಾ ಈ ಅಖಂಡತೆಯನ್ನು ಅರ್ಧಮಟ್ಟಿಗೆ ಮುರಿಯಿತು. ಫಿಲ್ಮಿನ ಅಂಚಿನ ಸಣ್ಣ ಪಟ್ಟಿಯೊಂದರಲ್ಲಿ ಸದ್ದನ್ನು ಕಪ್ಪುಬಿಳುಪಿನ ಏರಿಳಿತವಾಗಿ ಮುದ್ರಿಸಿ, ಅದರ ಮೂಲಕ ಬೆಳಕು ಹಾಯಿಸಿ, ಆ ಬೆಳಕಿನ ಹೆಚ್ಚುಕಡಿಮೆಯನ್ನು ಮತ್ತೆ ವಿದ್ಯುತ್ತಾಗಿಸುವ ವಿಧಾನಕ್ಕೆ ದ್ಯುತಿಮುದ್ರಣವೆನ್ನಬಹುದು. ಫಿಲ್ಮನ್ನು ಕತ್ತರಿಸಬಹುದಾದ್ದರಿಂದ ಸದ್ದನ್ನೂ ಕತ್ತರಿಸಬಹುದೆಂದು ಕಂಡುಕೊಂಡ ಜರ್ಮನಿಯ ವಾಲ್ಟರ್ ರುಟ್‌ಮನ್, ಚಿತ್ರವೇ ಇಲ್ಲದ, ಬರ್ಲಿನ್ನಿನ ವಾರಾಂತ್ಯದ ಸದ್ದುಗಳನ್ನಷ್ಟೇ ಸಂಕಲಿಸಿದ ‘ವೀಕೆಂಡ್’ ಎಂಬ ಕೃತಿಯನ್ನು 1930ರಲ್ಲಿ ರೇಡಿಯೊಗಾಗಿ ರೂಪಿಸಿದರು. ಭಾರತದ ಮೊದಲ ಟಾಕಿಯಾದ, 1931ರಲ್ಲಿ ತೆರೆಕಂಡ ‘ಆಲಂ ಆರಾ’ದಲ್ಲಿ ಈ ಅನುಕೂಲವೂ ಇರಲಿಲ್ಲ, ಅಲ್ಲಿ ಚಿತ್ರ ಮತ್ತು ಸದ್ದು ಒಂದೇ ಫಿಲ್ಮಿನ ಮೇಲೆ ಒಟ್ಟಿಗೆ ದಾಖಲಾಗುತ್ತಿದ್ದವು. ಬೊಂಬಾಯಿಯ ಆ ಸ್ಟುಡಿಯೊ ರೈಲುಹಳಿಯ ಪಕ್ಕದಲ್ಲಿದ್ದುದರಿಂದ ರೈಲುಗಳ ಓಡಾಟ ನಿಂತ ನಡುರಾತ್ರಿಯ ಮೇಲೆ ಚಿತ್ರೀಕರಣ ನಡೆಯುತ್ತಿತ್ತು, ಮೈಕುಗಳನ್ನು ನಟರ ಆಸುಪಾಸಿನಲ್ಲಿ ಮರೆಮಾಡಲಾಗುತ್ತಿತ್ತು. ಬೇಡದ ಸದ್ದನ್ನು ಆಮೇಲೆ ತೆಗೆದುಹಾಕುವ ಉಪಾಯವಿಲ್ಲದಿದ್ದಾಗ ಅದು ಹುಟ್ಟದಂತೆ ನೋಡಿಕೊಳ್ಳುವುದೊಂದೇ ದಾರಿಯಾಗಿತ್ತು. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ತೆರೆಕಂಡದ್ದು 1934ರಲ್ಲಿ. ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ.

ಹಾಲಿವುಡ್ಡಿನಲ್ಲಿ ಅಷ್ಟರೊಳಗೆ ಎರಡು ಕೈಗೆಲಸಗಳು ನೆಲೆಯೂರಿದ್ದವು. ಯೂನಿವರ್ಸಲ್ ಸ್ಟುಡಿಯೊದ ಜ್ಯಾಕ್ ಫೋಲಿ ತೆರೆಯ ಮೇಲಿನ ಚಿತ್ರ ನೋಡುತ್ತ, ಪಾತ್ರಗಳ ನಡಿಗೆಗೆ ಸರಿಯಾಗಿ ತಾವೇ ಹೆಜ್ಜೆ ಹಾಕಿ, ಬಟ್ಟೆ ಸರಪರಗುಟ್ಟಿಸಿ, ಆ ಸದ್ದನ್ನು ಮುದ್ರಿಸುವ ಕ್ರಮವನ್ನು ರೂಢಿಸಿದರು. ಈ ಕೆಲಸ ಇಂದಿಗೂ ಅವರ ಹೆಸರಿನಲ್ಲೇ ಫೋಲಿ ಎನಿಸಿಕೊಳ್ಳುತ್ತದೆ. 1933ರ ‘ಕಿಂಗ್ ಕಾಂಗ್’ ಚಿತ್ರಕ್ಕಾಗಿ ಮರೆ ಸ್ಪಿವಾಕ್ ಸಿಂಹ ಮತ್ತು ಹುಲಿಯ ಘರ್ಜನೆಗಳನ್ನು ಮುದ್ರಿಸಿ, ವೇಗ ತಗ್ಗಿಸಿ, ಹಿಂದುಮುಂದಾಗಿ ಓಡಿಸಿ, ಲೋಕದಲ್ಲಿಲ್ಲದ ಪ್ರಾಣಿಗೆ ದನಿ ಕೊಟ್ಟರು. ಮುದ್ರಿಕೆಯನ್ನು ಅರ್ಧ ವೇಗದಲ್ಲಿ ಓಡಿಸಿದರೆ ಶ್ರುತಿ ಸರಿಯಾಗಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ, ಸದ್ದಿನ ಕಾಲ ಎರಡರಷ್ಟಾಗುತ್ತದೆ; ಶ್ರುತಿ ಇಳಿದಷ್ಟೂ ದೇಹ ದೊಡ್ಡದೆಂದು ಕಿವಿ ನಂಬಿಕೊಳ್ಳುತ್ತದೆ. ಆದರೆ ದ್ಯುತಿಮುದ್ರಣದಲ್ಲಿ ಪ್ರತಿ ಪ್ರಯೋಗಕ್ಕೂ ಫಿಲ್ಮನ್ನು ಸಂಸ್ಕರಿಸಿ ಒಣಗಿಸಿದ ಮೇಲಷ್ಟೇ ಫಲಿತಾಂಶ ಕೇಳಬಹುದಿತ್ತು, ನಕಲಿನ ಮೇಲೆ ನಕಲು ತೆಗೆದಂತೆಲ್ಲ ಕರಕರ ಸದ್ದು ಹೆಚ್ಚುತ್ತಿತ್ತು.

ಈ ತೊಡಕನ್ನು ಬಿಡಿಸಿದ್ದು ಕಾಂತಟೇಪು. ಕಬ್ಬಿಣದ ಆಕ್ಸೈಡ್ ಲೇಪಿಸಿದ ತೆಳುಪಟ್ಟಿಯ ಮೇಲೆ ಸದ್ದನ್ನು ಕಾಂತತೆಯ ಏರಿಳಿತವಾಗಿ ಬರೆಯುವ ಮ್ಯಾಗ್ನೆಟೊಫೋನ್ ಯಂತ್ರವನ್ನು ಜರ್ಮನಿಯ ಎ.ಇ.ಜಿ. ಸಂಸ್ಥೆ 1935ರ ಬರ್ಲಿನ್ ರೇಡಿಯೊ ಪ್ರದರ್ಶನದಲ್ಲಿ ಜನರ ಮುಂದಿಟ್ಟಿತು. ಯುದ್ಧ ಮುಗಿದಾಗ ಜರ್ಮನಿಯಲ್ಲಿದ್ದ ಅಮೆರಿಕನ್ ಸೇನೆಯ ಎಂಜಿನಿಯರ್ ಜ್ಯಾಕ್ ಮಲ್ಲಿನ್ ಅಂಥ ಎರಡು ಯಂತ್ರಗಳನ್ನು ಬಿಡಿಭಾಗಗಳಾಗಿಸಿ, 50 ಸುರುಳಿ ಟೇಪಿನ ಸಮೇತ ಮನೆಗೆ ರವಾನಿಸಿದರು. 1947ರಲ್ಲಿ ಗಾಯಕ ಬಿಂಗ್ ಕ್ರಾಸ್ಬಿ ತಮ್ಮ ರೇಡಿಯೊ ಕಾರ್ಯಕ್ರಮವನ್ನು ಅವುಗಳ ಮೇಲೆ ಮುದ್ರಿಸತೊಡಗಿದರು. ಹಾಸ್ಯಗಾರರೊಬ್ಬರ ಪೋಲಿ ಜೋಕುಗಳಿಗೆ ಸಭಿಕರು ಬಿದ್ದುಬಿದ್ದು ನಕ್ಕಾಗ, ಪ್ರಸಾರಕ್ಕೆ ತಕ್ಕುದಲ್ಲದ ಜೋಕುಗಳನ್ನು ಕತ್ತರಿಸಿ, ಆ ನಗುವನ್ನು ಮಾತ್ರ ಜೋಪಾನವಾಗಿಟ್ಟು, ಮುಂದೊಂದು ದಿನ ಅಷ್ಟೇನೂ ನಗಿಸದ ಕಾರ್ಯಕ್ರಮಕ್ಕೆ ಅಂಟಿಸಿದ್ದನ್ನು ಮಲ್ಲಿನ್ ಆಮೇಲೆ ಹೇಳಿಕೊಂಡಿದ್ದಾರೆ. ಟಿ.ವಿ. ಧಾರಾವಾಹಿಗಳ ಡಬ್ಬಿ ನಗುವಿನ ವಂಶವೃಕ್ಷಕ್ಕೆ ಇಷ್ಟು ಹಳೆಯ ಬೇರಿದೆ.

ಟೇಪಿನ ಹೆಚ್ಚುಗಾರಿಕೆ ಅದರ ಸ್ಪಷ್ಟತೆಗಿಂತ ಅದರ ಉದ್ದದಲ್ಲಿತ್ತು. ಸ್ಟುಡಿಯೊ ಯಂತ್ರದಲ್ಲಿ ಟೇಪು ಸೆಕೆಂಡಿಗೆ 38 ಸೆಂಟಿಮೀಟರ್ ಓಡಿದರೆ, ಸೆಕೆಂಡಿನ ಹತ್ತನೆಯ ಒಂದು ಭಾಗ ಎಂದರೆ ಬೆರಳುಗಳ ನಡುವೆ ಹಿಡಿಯಬಹುದಾದ 3.8 ಸೆಂಟಿಮೀಟರಿನ ತುಂಡು. ಕಾಲವನ್ನು ಅಳತೆಪಟ್ಟಿಯಿಂದ ಅಳೆದು, ಬ್ಲೇಡಿನಿಂದ ಕೊಯ್ದು, ಅಂಟುಪಟ್ಟಿಯಿಂದ ಕೂಡಿಸಬಹುದಾಯಿತು. ನೇರವಾಗಿ ಕೊಯ್ದರೆ ಜೋಡಣೆಯಲ್ಲಿ ಟಕ್ ಎಂಬ ಸದ್ದು ಕೇಳುವ ಸಂಭವವಿದ್ದುದರಿಂದ ಓರೆಯಾಗಿ ಕೊಯ್ಯುವುದು ವಾಡಿಕೆಯಾಯಿತು. ಆಗ ಒಂದು ಸದ್ದು ಮುಗಿಯುವಲ್ಲಿ ಇನ್ನೊಂದು ನುಸುಳಿ ಬರುತ್ತದೆ.

ಇಂಥ ಕೊಯ್ತ ಏನು ಮಾಡಬಲ್ಲದೆಂಬುದನ್ನು ಟೇಪು ಕೈಗೆ ಬರುವ ಮೊದಲೇ ಊಹಿಸಿದವರು ಫ್ರೆಂಚ್ ರೇಡಿಯೊದ ಪಿಯರ್ ಶೆಫರ್. ರೈಲುಗಳ ಸದ್ದಿನಿಂದಲೇ 1948ರಲ್ಲಿ ಸಂಗೀತಕೃತಿಯೊಂದನ್ನು ಕಟ್ಟಿದ ಅವರು, ಗಂಟೆಯ ನಾದದಲ್ಲಿ ಹೊಡೆತದ ಮೊದಲ ಕ್ಷಣವನ್ನು ಬಿಟ್ಟು ಉಳಿದದ್ದನ್ನಷ್ಟೇ ತಟ್ಟೆಯ ಮೇಲೆ ಮುದ್ರಿಸಿ ನೋಡಿದರು. ಉಳಿದ ನಾದ ಗಂಟೆಯದೆಂದು ಗುರುತೇ ಸಿಗದೆ ಊದುವ ವಾದ್ಯದಂತೆ ಕೇಳಿಸಿತು. ಸದ್ದಿನ ಮೂಲವನ್ನು ಕಿವಿ ಬಹುಮಟ್ಟಿಗೆ ಅದರ ಆರಂಭದಿಂದಲೇ ಗುರುತಿಸುತ್ತದೆ, ಆರಂಭವನ್ನು ತೆಗೆದರೆ ಆ ಸದ್ದು ಯಾರದೂ ಆಗಬಲ್ಲದು ಎಂಬ ಈ ಅರಿವಿಗಿಂತ ದೊಡ್ಡ ಉಪಕರಣ ಧ್ವನಿ ವಿನ್ಯಾಸಕರಿಗೆ ಇನ್ನೊಂದು ಸಿಕ್ಕಿಲ್ಲವೆನ್ನಬಹುದು. ಬಿ.ಬಿ.ಸಿ. 1958ರಲ್ಲಿ ಲಂಡನ್ನಿನ ಮೇಡಾ ವೇಲ್‌ನಲ್ಲಿ ತೆರೆದ ರೇಡಿಯೊಫೋನಿಕ್ ವರ್ಕ್‌ಶಾಪ್ ಇದೇ ಅರಿವಿನ ಕಾರ್ಖಾನೆಯಾಗಿತ್ತು. ರಾನ್ ಗ್ರೇನರ್ ಸಂಯೋಜಿಸಿದ ‘ಡಾಕ್ಟರ್ ಹೂ’ ಶೀರ್ಷಿಕೆ ಸಂಗೀತವನ್ನು 1963ರಲ್ಲಿ ಅಲ್ಲಿನ ಡೀಲಿಯಾ ಡರ್ಬಿಶೈರ್ ಒಂದೊಂದು ಸ್ವರಕ್ಕೆ ಒಂದೊಂದು ಟೇಪಿನ ತುಂಡನ್ನು ಅಳೆದು ಅಂಟಿಸಿ ಸಿದ್ಧಪಡಿಸಿದರು. ಅದೇ ಧಾರಾವಾಹಿಯ ಕಾಲಯಾನದ ಯಂತ್ರ ಏಳುವ ಸದ್ದು, ಬ್ರಯನ್ ಹಾಜ್‌ಸನ್ ಹಳೆಯ ಪಿಯಾನೊದ ಮಂದ್ರತಂತಿಯ ಮೇಲೆ ಮನೆಯ ಬೀಗದ ಕೈಯನ್ನು ಎಳೆದು ಪಡೆದದ್ದು.

ಅಮೆರಿಕದಲ್ಲಿ ಈ ಕಸುಬಿಗೆ ಮನ್ನಣೆ ಸಿಕ್ಕಿದ್ದು 1970ರ ದಶಕದಲ್ಲಿ. 1977ರ ‘ಸ್ಟಾರ್ ವಾರ್ಸ್’ ಚಿತ್ರದ ಬೆಳಕಿನ ಕತ್ತಿಗೆ ಬೆನ್ ಬರ್ಟ್ ಹಳೆಯ ಪ್ರೊಜೆಕ್ಟರಿನ ಮೋಟಾರಿನ ಗುಂಯ್‌ಗುಡುವಿಕೆಯನ್ನೂ ಟಿ.ವಿ.ಯ ಪಿಕ್ಚರ್ ಟ್ಯೂಬು ಮೈಕಿನ ವೈರಿನಲ್ಲಿ ಎಬ್ಬಿಸಿದ ಜಿರ್ರೆನ್ನುವ ಸದ್ದನ್ನೂ ಬೆರೆಸಿದರು. ಕತ್ತಿ ಬೀಸುವುದು ಬೇರೆ ಸಮಸ್ಯೆಯಾಗಿತ್ತು. ಅದಕ್ಕಾಗಿ ಅವರು ಆ ಬೆರಕೆಯನ್ನು ಸ್ಪೀಕರಿನಲ್ಲಿ ನುಡಿಸಿ, ಅದರ ಮುಂದೆ ಮೈಕನ್ನು ಗಾಳಿಯಲ್ಲಿ ಬೀಸಿ ಮರುಮುದ್ರಿಸಿಕೊಂಡರು. ಮೈಕ್ ಸ್ಪೀಕರಿನ ಕಡೆಗೆ ಸಾಗುವಾಗ ಶ್ರುತಿ ಏರಿ, ದೂರ ಸರಿಯುವಾಗ ಇಳಿಯುವ ಡಾಪ್ಲರ್ ಪರಿಣಾಮ ಅಲ್ಲಿ ತಾನಾಗಿ ದಕ್ಕಿತು. ಇವರ ಸಮಕಾಲೀನರಾದ ವಾಲ್ಟರ್ ಮರ್ಚ್, 1971ರ ಚಿತ್ರವೊಂದಕ್ಕೆ ಯಂತ್ರಮಾನವರ ಹೆಜ್ಜೆಸದ್ದು ಕೂಡಿಸುವಾಗ ಒಂದು ವಿಚಿತ್ರವನ್ನು ಗಮನಿಸಿದರು: ಒಬ್ಬರು ಅಥವಾ ಇಬ್ಬರು ನಡೆಯುತ್ತಿದ್ದರೆ ಪ್ರತಿ ಹೆಜ್ಜೆಯೂ ಚಿತ್ರಕ್ಕೆ ತಾಳೆಯಾಗಬೇಕು, ಮೂವರಾದರೆ ಕಿವಿ ಲೆಕ್ಕವಿಡುವುದನ್ನೇ ಬಿಟ್ಟು ಗುಂಪಿನ ನಡಿಗೆಯೆಂದು ಒಪ್ಪಿಕೊಳ್ಳುತ್ತದೆ. ಇದೇ ಮರ್ಚ್ ಅವರಿಗೆ 1979ರ ‘ಅಪೊಕ್ಯಾಲಿಪ್ಸ್ ನೌ’ ಧ್ವನಿ ವಿಭಾಗದ ಆಸ್ಕರನ್ನು ತಂದಿತು. ಪದರದ ಮೇಲೆ ಪದರ ಪೇರಿಸುವ ಇಂಥ ಕೆಲಸ ಟೇಪಿನ ಹಿಸ್ಸೆಂಬ ಸದ್ದಿನಲ್ಲಿ ಮುಳುಗದಿರಲು ರೇ ಡಾಲ್ಬಿ ರೂಪಿಸಿದ ಗದ್ದಲ ತಗ್ಗಿಸುವ ವ್ಯವಸ್ಥೆ ನೆರವಾಯಿತು. ಯುನೆಸ್ಕೊ ಸಲಹೆಗಾರರಾಗಿ ಎರಡು ವರ್ಷ ಭಾರತದಲ್ಲಿದ್ದ ಡಾಲ್ಬಿ, ಇಲ್ಲಿಂದ ಲಂಡನ್ನಿಗೆ ಮರಳಿ 1965ರಲ್ಲಿ ತಮ್ಮ ಸಂಸ್ಥೆಯನ್ನು ಆರಂಭಿಸಿದ್ದರು.

ಭಾರತದ ಸಿನಿಮಾ ಈ ಹೊತ್ತಿಗೆ ಬೇರೆ ಹಾದಿ ಹಿಡಿದಿತ್ತು. ಹೊರಾಂಗಣಕ್ಕೆ ಒಯ್ಯಲು ಹಗುರವಾದ, ಆದರೆ ಓಡುವಾಗ ಕಟಕಟಗುಟ್ಟುವ ಕ್ಯಾಮೆರಾಗಳು ಬಳಕೆಗೆ ಬಂದ ಮೇಲೆ ಸ್ಥಳದ ಸದ್ದು ಬರಿಯ ಗುರುತಿಗಾಗಿ ಉಳಿದು, ಮಾತೆಲ್ಲ ಡಬ್ಬಿಂಗ್ ಕೊಠಡಿಗೆ ಹೋಯಿತು. ಕನ್ನಡ ಚಿತ್ರಗಳು ಇದಕ್ಕಾಗಿ ದಶಕಗಟ್ಟಲೆ ಮದರಾಸಿನ ಸ್ಟುಡಿಯೊಗಳನ್ನು ನೆಚ್ಚಿಕೊಂಡಿದ್ದವು. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಧ್ವನಿಮುದ್ರಣ ಸ್ಟುಡಿಯೊವನ್ನು ಕಟ್ಟಿದ್ದರ ಮಹತ್ವ ಇಲ್ಲಿದೆ. ಡಬ್ಬಿಂಗಿನಿಂದ ಸ್ಪಷ್ಟತೆ ಬಂದಿತು, ದೂರ ಹೋಯಿತು. ಗದ್ದೆಯ ಆಚೆ ಬದುವಿನಲ್ಲಿ ನಿಂತ ನಾಯಕ ಕೂಗಿದರೂ ಮೈಕಿನಿಂದ ಗೇಣಿನಷ್ಟು ದೂರದಲ್ಲಿ ಆಡಿದ ಮಾತು ಕಿವಿಯ ಪಕ್ಕದಲ್ಲೇ ಕೇಳುವ ಕೃತಕತೆಗೆ ಪ್ರೇಕ್ಷಕರು ಎಷ್ಟು ಒಗ್ಗಿಹೋದರೆಂದರೆ, ಅದು ಲೋಪವೆಂದು ಬಹುಕಾಲ ಯಾರಿಗೂ ತೋರಲಿಲ್ಲ.

ಚಿತ್ರೀಕರಣದ ಸ್ಥಳದಲ್ಲೇ ಮಾತನ್ನು ಮುದ್ರಿಸುವ ಸಿಂಕ್ ಸೌಂಡ್ ಕ್ರಮ 2001ರ ‘ಲಗಾನ್’ ನಂತರ ಹಿಂದಿಯಲ್ಲಿ ಮತ್ತೆ ಬೇರೂರಿತು. 2009ರಲ್ಲಿ ‘ಸ್ಲಮ್‌ಡಾಗ್ ಮಿಲಿಯನೇರ್’ ಚಿತ್ರಕ್ಕಾಗಿ ರಸೂಲ್ ಪೂಕುಟ್ಟಿ ಇಬ್ಬರು ಬ್ರಿಟಿಷ್ ಸಹೋದ್ಯೋಗಿಗಳೊಂದಿಗೆ ಆಸ್ಕರ್ ಹಂಚಿಕೊಂಡರು. ಬ್ಲೇಡು ಮತ್ತು ಅಂಟುಪಟ್ಟಿಯ ಜಾಗಕ್ಕೆ ಈಗ ಕಂಪ್ಯೂಟರ್ ಬಂದಿದೆ, ಕೊಯ್ತ ತಪ್ಪಿದರೆ ಮರುಕ್ಷಣವೇ ಹಿಂತೆಗೆದುಕೊಳ್ಳಬಹುದು. ಹೀಗಿದ್ದೂ ಫೋಲಿ ಕೊಠಡಿ ಮುಚ್ಚಿಲ್ಲ. ಸ್ಥಳದ ಮೈಕ್ ನಟರ ಬಾಯಿಯತ್ತ ಮುಖ ಮಾಡಿರುವುದರಿಂದ ಹೆಜ್ಜೆ, ಬಟ್ಟೆ, ಪಾತ್ರೆಗಳ ಸದ್ದು ಅದರಲ್ಲಿ ಸೊರಗಿರುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಪೂರ್ತಿ ವ್ಯಾವಹಾರಿಕವಾದದ್ದು: ‘ಕೆ.ಜಿ.ಎಫ್.’ ಅಥವಾ ‘ಕಾಂತಾರ’ದಂತೆ ಕನ್ನಡ ಚಿತ್ರವೊಂದು ಹಿಂದಿ, ತೆಲುಗು, ತಮಿಳು, ಮಲಯಾಳಂಗಳಿಗೆ ಡಬ್ ಆಗಬೇಕಾದರೆ ಮಾತಿಲ್ಲದ, ಸಂಗೀತ ಮತ್ತು ಇತರ ಸದ್ದುಗಳಷ್ಟೇ ಇರುವ ಪ್ರತ್ಯೇಕ ಟ್ರ್ಯಾಕನ್ನು ಒದಗಿಸಬೇಕಾಗುತ್ತದೆ, ಮತ್ತು ಸ್ಥಳದಲ್ಲಿ ಮುದ್ರಿಸಿದ ಕನ್ನಡದ ಮಾತನ್ನು ತೆಗೆದಾಗ ಅದರೊಡನೆ ಬೆರೆತ ಹೆಜ್ಜೆಸದ್ದೂ ಹೊರಟುಹೋಗುವುದರಿಂದ, ಫೋಲಿ ಕಲಾವಿದರು ಆ ಭಾಗದ ಹೆಜ್ಜೆಗಳನ್ನೆಲ್ಲ ತೆರೆ ನೋಡುತ್ತ ಮತ್ತೊಮ್ಮೆ ನಡೆಯಬೇಕಾಗುತ್ತದೆ.