ಜಪಾನು ದೇಶದ ಒಂದು ಚಿತ್ರಕಥೆಯೂ ಅದರೊಳಗಣ ಬಾಂಧವ್ಯಗಳೂ

ಮನೆಯ ಮಕ್ಕಳು ಪುಸ್ತಕವೊಂದನ್ನು ಕೊನೆಯ ಹಾಳೆಯಿಂದ ತೆರೆದು, ಬಲದಿಂದ ಎಡಕ್ಕೆ ಓದುತ್ತಿರುವುದನ್ನು ತಾಯಿತಂದೆಗಳಲ್ಲಿ ಅನೇಕರು ಕಂಡಿರಬಹುದು. ಇದು ಜಪಾನು ದೇಶದ ಚಿತ್ರಕಥೆ. ಆ ದೇಶದವರು ಇದನ್ನು ಮಾಂಗಾ ಎಂದು ಕರೆಯುತ್ತಾರೆ. ಇಂಥವುಗಳಲ್ಲಿ ಬಹಳವಾಗಿ ಪ್ರಚಾರಗೊಂಡಿರುವುದು ‘ವನ್ ಪೀಸ್’ ಎಂಬ ಕಥೆ. ಎಯಿಚಿರೋ ಓಡಾ ಎಂಬವರು ಇದನ್ನು ೧೯೯೭ನೆಯ ಇಸವಿ ಜುಲೈ ತಿಂಗಳಲ್ಲಿ ‘ಶೋನೆನ್ ಜಂಪ್’ ಎಂಬ ವಾರಪತ್ರಿಕೆಯಲ್ಲಿ ಆರಂಭಿಸಿದರು. ೨೦೨೧ರಲ್ಲಿ ಇದರ ನೂರನೆಯ ಸಂಪುಟವು ಹೊರಬಿದ್ದಿತು; ಅಚ್ಚಾದ ಪ್ರತಿಗಳು ಐವತ್ತು ಕೋಟಿಯನ್ನು ಮುಟ್ಟಿದುವೆಂದು ೨೦೨೨ರಲ್ಲಿ ಪ್ರಕಟವಾಯಿತು.

ಕಥೆಯ ನಾಯಕನು ಕಡಲ್ಗಳ್ಳನು. ಇಷ್ಟನ್ನು ಕೇಳಿದೊಡನೆಯೇ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜವೇ. ಹೊಡೆದಾಟವು ಇದರಲ್ಲಿ ಧಾರಾಳವಾಗಿ ಉಂಟು. ಸ್ತ್ರೀಪಾತ್ರಗಳನ್ನು ಬರೆದಿರುವ ರೀತಿಯೂ, ಮುಖ್ಯವಾಗಿ ಈಚಿನ ಸಂಪುಟಗಳಲ್ಲಿ, ಮರ್ಯಾದೆಗೆ ಒಪ್ಪತಕ್ಕದ್ದಲ್ಲವೆಂಬುದು ನನ್ನ ಅಭಿಪ್ರಾಯ. ಹೀಗಿದ್ದರೂ ಹುಡುಗಿಯರು ಇದನ್ನು ಓದಿ ಕಣ್ಣೀರಿಡುತ್ತಾರೆ. ಆ ಕಣ್ಣೀರು ಹೊಡೆದಾಟದಿಂದ ಬಂದುದಲ್ಲ. ಒಂದೇ ಹಡಗಿನಲ್ಲಿ ಕೂಡಿದ ಹತ್ತು ಮಂದಿ ಅನಾಥರೂ ಮನೆಬಿಟ್ಟವರೂ ಒಬ್ಬರಿಗೊಬ್ಬರು ಏನಾಗುತ್ತಾರೆಂಬುದರಿಂದ ಬಂದುದು. ಇದನ್ನೇ ಇಲ್ಲಿ ವಿವರಿಸಲು ಉದ್ದೇಶಿಸಿದ್ದೇನೆ.

ನಾಯಕನ ಹೆಸರು ಲೂಫಿ. ಬಾಲ್ಯದಲ್ಲಿ ಶ್ಯಾಂಕ್ಸ್ ಎಂಬ ನಾವಿಕನು ತನ್ನ ತೋಳನ್ನು ಕಳೆದುಕೊಂಡು ಇವನ ಪ್ರಾಣವನ್ನು ಉಳಿಸಿ, ತನ್ನ ಹುಲ್ಲಿನ ಟೊಪ್ಪಿಗೆಯನ್ನು ಇವನ ತಲೆಯ ಮೇಲಿಟ್ಟು ಹೋದನು. ದೊಡ್ಡ ನಾವಿಕನಾದ ಮೇಲೆ ಇದನ್ನು ತನಗೆ ಹಿಂದಿರುಗಿಸಬೇಕೆಂಬುದೇ ಕರಾರು. ರಕ್ತಸಂಬಂಧಗಳು ಇವನಿಗೆ ಇಲ್ಲದೆ ಇಲ್ಲ. ಅಜ್ಜನು ನೌಕಾದಳದ ಅಧಿಕಾರಿ, ತಂದೆಯು ಲೋಕದ ಸರ್ಕಾರವನ್ನೇ ಉರುಳಿಸಲು ಹೊರಟ ಕ್ರಾಂತಿಕಾರ, ಮೊಮ್ಮಗನು ಕಡಲ್ಗಳ್ಳ. ಒಂದೇ ಮನೆಯ ಮೂರು ತಲೆಮಾರು ಮೂರು ಪಕ್ಷಗಳಲ್ಲಿ ನಿಂತಿವೆ. ತಂದೆಯ ಹೆಸರನ್ನು ಕೇಳಿ ಊರೆಲ್ಲ ನಡುಗಿದರೂ ಮಗನಿಗೆ ಅದರಿಂದ ಏನೂ ಅನಿಸುವುದಿಲ್ಲ. ಅವನ ಮನಸ್ಸು ನೆಟ್ಟಿರುವುದು ‘ನಾಕಾಮಾ’ಗಳ ಮೇಲೆ. ಜಪಾನೀ ಭಾಷೆಯ ಈ ಮಾತಿಗೆ ಜೊತೆಗಾರ, ಒಡನಾಡಿ, ಒಂದೇ ಕೂಟಕ್ಕೆ ಸೇರಿದವನು ಎಂದೆಲ್ಲ ಅರ್ಥ ಹೇಳಬಹುದು. ನಮ್ಮ ‘ಸಂಗಡಿಗ’ ಎಂಬುದು ಅದಕ್ಕೆ ಸಮೀಪವಾದೀತು.

ಈ ಸಂಗಡಿಗತನವು ಯಾವ ಬಗೆಯದೆಂಬುದಕ್ಕೆ ನಾಮಿಯ ವೃತ್ತಾಂತಕ್ಕಿಂತ ಉತ್ತಮ ಉದಾಹರಣೆಯಿಲ್ಲ. ಬೆಲ್ಮೇರ್ ಎಂಬ ಹೆಂಗಸು ಸಿಪಾಯಿಯಾಗಿದ್ದಾಗ ಯುದ್ಧಭೂಮಿಯಲ್ಲಿ ದಿಕ್ಕಿಲ್ಲದ ಇಬ್ಬರು ಹೆಣ್ಣುಮಕ್ಕಳನ್ನು ಕಂಡು, ತನ್ನ ಊರಿಗೆ ತಂದು, ಕಿತ್ತಳೆಯ ತೋಟವನ್ನು ಮಾಡಿಕೊಂಡು ಬಡತನದಲ್ಲಿ ಸಾಕಿದಳು. ಆ ಇಬ್ಬರೇ ನೋಜಿಕೊ ಮತ್ತು ನಾಮಿ. ನಾಮಿಗೆ ಹತ್ತು ವರ್ಷವಾದಾಗ ಅರ್ಲಾಂಗ್ ಎಂಬ ಮತ್ಸ್ಯಮಾನವನು ಊರನ್ನು ಹಿಡಿದು, ದೊಡ್ಡವರ ತಲೆಗೆ ಒಂದು ಲಕ್ಷ, ಮಕ್ಕಳ ತಲೆಗೆ ಐವತ್ತು ಸಾವಿರದಂತೆ ಕಪ್ಪವನ್ನು ವಿಧಿಸಿದನು, ಕೊಡದವರಿಗೆ ಮರಣವೇ. ಬೆಲ್ಮೇರಳಲ್ಲಿ ಇದ್ದುದು ಒಂದು ಲಕ್ಷ ಮಾತ್ರ. ಮಕ್ಕಳ ಹೆಸರು ಊರಿನ ದಾಖಲೆಯಲ್ಲಿರಲಿಲ್ಲ. ತನಗೆ ಮಕ್ಕಳೇ ಇಲ್ಲವೆಂದು ಸುಮ್ಮನಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಅವಳಾದರೋ ಆ ಹಣವನ್ನು ಇಬ್ಬರು ಹೆಣ್ಣುಮಕ್ಕಳ ಲೆಕ್ಕಕ್ಕೆ ಬರೆಯಿಸಿ, ಅವರು ತನ್ನವರೆಂದು ಎಲ್ಲರೆದುರಿಗೆ ಒಪ್ಪಿಕೊಂಡು ಪ್ರಾಣವನ್ನು ಕೊಟ್ಟಳು. ಹೆತ್ತವಳಲ್ಲದ ತಾಯಿ! ಇಡೀ ಕಥೆಯಲ್ಲಿ ಇದಕ್ಕಿಂತ ಎತ್ತರದ ಪಾತ್ರವನ್ನು ನಾನು ಕಾಣೆ.

ನಕ್ಷೆ ಬರೆಯುವುದರಲ್ಲಿ ಜಾಣೆಯಾದ ನಾಮಿಯನ್ನು ಅರ್ಲಾಂಗನು ತನ್ನ ಕೆಲಸಕ್ಕೆ ಸೆಳೆದುಕೊಂಡನು. ಹತ್ತು ಕೋಟಿ ಹಣವನ್ನು ತಂದರೆ ಊರನ್ನು ಬಿಟ್ಟುಕೊಡುವೆನೆಂದು ಮಾತುಕೊಟ್ಟನು. ಎಂಟು ವರ್ಷ ಅವಳು ಕಡಲ್ಗಳ್ಳರಿಂದಲೇ ಕದ್ದು ಹಣವನ್ನು ಕೂಡಿಸಿದಳು. ಇನ್ನು ಸ್ವಲ್ಪವೇ ಬಾಕಿ ಎನ್ನುವಾಗ, ಅರ್ಲಾಂಗನೊಡನೆ ಒಳಗೊಳಗೇ ಕೂಡಿಕೊಂಡಿದ್ದ ನೌಕಾದಳದ ಅಧಿಕಾರಿಯೊಬ್ಬನು ಅದನ್ನೆಲ್ಲ ಜಪ್ತಿಮಾಡಿದನು. ಲೂಫಿಯಾದರೋ ಅಷ್ಟರವರೆಗೂ ಕೈಕಟ್ಟಿ ನಿಂತಿದ್ದನು. ಅಕ್ಕನು ತಂಗಿಯ ಹಿಂದಿನ ಕಥೆಯನ್ನು ಹೇಳಹೊರಟಾಗ, ತನಗೆ ಅದು ಬೇಡವೆಂದು ತಿರುಗಾಡಲು ಹೋಗಿಬಿಟ್ಟನು. ಇದು ನಿರ್ದಯೆಯಂತೆ ತೋರಬಹುದು. ಆದರೆ ಒಬ್ಬಳ ದುಃಖವನ್ನು ಅವಳ ಬೆನ್ನ ಹಿಂದೆ ತಿಳಿದುಕೊಳ್ಳಲು ಅವನು ಬಯಸಲಿಲ್ಲ. ಕಡೆಗೆ ನಾಮಿಯು ತನ್ನ ತೋಳಿನ ಮೇಲಿದ್ದ ಅರ್ಲಾಂಗನ ಹಚ್ಚೆಯನ್ನು ಚೂರಿಯಿಂದ ಇರಿದುಕೊಳ್ಳುತ್ತಾ, ತಾನಾಗಿಯೇ ಸಹಾಯವನ್ನು ಬೇಡಿದಾಗ, ಯಾರಿಗೂ ಮುಟ್ಟಗೊಡದ ಆ ಹುಲ್ಲಿನ ಟೊಪ್ಪಿಗೆಯನ್ನು ಅವಳ ತಲೆಯ ಮೇಲಿಟ್ಟು ಶತ್ರುವಿನ ಕೋಟೆಗೆ ನಡೆದನು.

ರಾಬಿನಳ ಪ್ರಸಂಗವೂ ಇದೇ ಜಾತಿಯದು. ಅವಳ ಊರಾದ ಓಹಾರವು ವಿದ್ವಾಂಸರ ದ್ವೀಪ. ಅಳಿಸಿಹೋದ ಒಂದು ಶತಮಾನದ ಚರಿತ್ರೆಯನ್ನು ಅವರು ಶೋಧಿಸಿದರೆಂಬ ಅಪರಾಧಕ್ಕಾಗಿ ಸರ್ಕಾರದ ಹಡಗುಗಳು ದ್ವೀಪವನ್ನು ಸುಟ್ಟುಬಿಟ್ಟುವು. ತಪ್ಪಿಸಿಕೊಂಡ ಎಂಟು ವರ್ಷದ ಹುಡುಗಿಯ ತಲೆಗೆ ಬೆಲೆಯನ್ನು ಕಟ್ಟಲಾಯಿತು. ಇಪ್ಪತ್ತು ವರ್ಷ ಅಲೆದ ಮೇಲೆ ಅವಳಿಗೆ ಸಂಗಡಿಗರು ದೊರೆತರು. ಅವರಿಗೂ ಅದೇ ಗತಿ ಬಂದೀತೆಂದು ಹೆದರಿ ಅವಳು ತನ್ನನ್ನೇ ಸರ್ಕಾರಕ್ಕೆ ಒಪ್ಪಿಸಿಕೊಂಡಳು. ಅವರು ಬೆನ್ನಟ್ಟಿ ಬಂದು, ಸರ್ಕಾರದ ಧ್ವಜವನ್ನೇ ಸುಟ್ಟು, ಅವಳ ಬಾಯಿಂದ ಒಂದೇ ಮಾತನ್ನು ಕೇಳಬಯಸಿದರು: ಬದುಕಲು ಅವಳಿಗೆ ಇಚ್ಛೆಯುಂಟೇ ಇಲ್ಲವೇ ಎಂಬುದನ್ನು. ಬಾಯಿಬಿಟ್ಟು ಕೇಳುವುದು ಸುಲಭವೆಂದು ಎಣಿಸುವವರು ತಮ್ಮ ನೆರೆಹೊರೆಯ ಹೆಂಗಸರನ್ನು ಸ್ವಲ್ಪ ನೆನೆದುಕೊಳ್ಳಲಿ.

ಸಾಂಜಿಯೆಂಬ ಅಡಿಗೆಯವನು ಅರಸುಮನೆಯಲ್ಲಿ ಹುಟ್ಟಿದವನು. ಹೆತ್ತ ತಂದೆಯು ಅವನು ದುರ್ಬಲನೆಂದು ಮುಖಕ್ಕೆ ಕಬ್ಬಿಣದ ಮುಸುಕನ್ನು ಹಾಕಿಸಿ ಸೆರೆಯಲ್ಲಿಟ್ಟನು. ಹಡಗೊಡೆದು ಬಂಡೆಯ ಮೇಲೆ ಎಂಬತ್ತೈದು ದಿವಸ ಸಿಕ್ಕಿಬಿದ್ದಾಗಲಾದರೋ, ಜೆಫ್ ಎಂಬ ಮುದಿ ಕಡಲ್ಗಳ್ಳನು ಇದ್ದ ಆಹಾರವನ್ನೆಲ್ಲ ಆ ಹುಡುಗನಿಗೆ ಕೊಟ್ಟು, ತಾನು ಸ್ವಂತ ಕಾಲನ್ನೇ ಕಡಿದು ತಿಂದು ಬದುಕಿದನು. ತಂದೆಯೆಂಬ ಹೆಸರು ಇವರಲ್ಲಿ ಯಾರಿಗೆ ಸಲ್ಲತಕ್ಕದ್ದೆಂಬುದನ್ನು ಓದುಗರು ತಾವೇ ತೀರ್ಮಾನಿಸಿಕೊಳ್ಳುತ್ತಾರೆ.

ಸಂಗಡಿಗರಲ್ಲಿ ಜಗಳವೇ ಇಲ್ಲವೆಂದು ತಿಳಿಯಬಾರದು. ಅವರ ಹಡಗು ಇನ್ನು ದುರಸ್ತಿಯಾಗದೆಂದು ಬಡಗಿಗಳು ಹೇಳಿದಾಗ, ಅದನ್ನು ಬಿಡಲೊಪ್ಪದ ಉಸೊಪ್ಪನು ನಾಯಕನೊಡನೆ ಕಾದಾಡಿ ಹೊರಟುಹೋದನು. ಮುಂದೆ ಅವನನ್ನು ಕರೆತರಲು ಲೂಫಿಯು ಎದ್ದಾಗ ಜೋರೋ ಎಂಬ ಕತ್ತಿವೀರನು ತಡೆದು, ಬಿಟ್ಟುಹೋದವನೇ ಮೊದಲು ಕ್ಷಮೆ ಬೇಡಬೇಕು, ನಾಯಕನೇ ತಲೆಬಾಗುವುದಾದರೆ ತಾನು ಹೊರಡುವೆನೆಂದನು. ಪ್ರೀತಿಯ ಜೊತೆಗೆ ಗೌರವವೂ ಬೇಕೆಂಬ ಈ ಕಾಠಿಣ್ಯವು ನನಗೆ ಮೆಚ್ಚುಗೆಯಾಯಿತು.

ಜಪಾನಿನ ಆಚಾರವೊಂದನ್ನು ತಿಳಿದರೆ ಇನ್ನೊಂದು ಸಂಗತಿಯು ಬೆಳಕಿಗೆ ಬರುತ್ತದೆ. ಅಲ್ಲಿ ಅಕ್ಕಿಯ ಮದ್ಯದ ಬಟ್ಟಲನ್ನು ಹಂಚಿಕೊಂಡು ಪರಕೀಯರು ಅಣ್ಣತಮ್ಮಂದಿರಾಗುವುದೂ, ಒಡೆಯನೂ ಆಳೂ ಆಗುವುದೂ ಉಂಟು. ಲೂಫಿಯು ಬಾಲ್ಯದಲ್ಲಿ ಏಸ್, ಸಾಬೋ ಎಂಬಿಬ್ಬರೊಡನೆ ಹೀಗೆ ಅಣ್ಣತಮ್ಮನಾದನು. ಆದರೆ ಮುಂದೆ ಏಳು ಪಡೆಗಳ ಐದು ಸಾವಿರದ ಆರುನೂರು ಮಂದಿ ಅವನನ್ನು ಒಡೆಯನೆಂದು ಒಪ್ಪಿ ಬಟ್ಟಲನ್ನು ನೀಡಿದಾಗ ಅವನು ಕುಡಿಯಲಿಲ್ಲ. ಒಡೆತನವು ಅವನಿಗೆ ಬೇಡವಾಗಿತ್ತು. ಅವರಾದರೋ ಅವನನ್ನು ಕೇಳದೆ ತಾವೇ ಕುಡಿದುಬಿಟ್ಟರು!

ಕಡೆಯದಾಗಿ, ಶಾಲೆಯನ್ನು ಬಿಟ್ಟು ದೂರದೂರುಗಳಲ್ಲಿರುವ ಹಳೆಯ ವಿದ್ಯಾರ್ಥಿನಿಯರಿಗಾಗಿ ವಿವಿಯ ವಿಷಯವನ್ನು ಹೇಳುತ್ತೇನೆ. ಅವಳು ಅಲಬಾಸ್ತಾ ದೇಶದ ರಾಜಪುತ್ರಿ. ತನ್ನ ದೇಶವನ್ನು ಒಳಗಿನ ಸಂಚಿನಿಂದ ಉಳಿಸುವುದಕ್ಕಾಗಿ ಕೆಲವು ಕಾಲ ಇವರ ಹಡಗಿನಲ್ಲಿದ್ದಳು. ಶತ್ರುಗಳಲ್ಲಿ ಒಬ್ಬನು ಯಾರ ಮುಖವನ್ನಾದರೂ ಧರಿಸಬಲ್ಲವನಾದ್ದರಿಂದ, ನಿಜವಾದ ಸಂಗಡಿಗರನ್ನು ಗುರುತಿಸಲು ಎಲ್ಲರೂ ಎಡತೋಳಿನ ಮೇಲೆ ಕತ್ತರಿಯಾಕಾರದ ಗೆರೆಗಳನ್ನು ಬರೆದುಕೊಂಡಿದ್ದರು. ಕಾರ್ಯವು ಮುಗಿದ ಮೇಲೆ ಹಡಗಿನವರು ಅವಳನ್ನು ಕರೆದರು. ಅವಳು ದಡಕ್ಕೆ ಬಂದು, ತನ್ನ ದೇಶವನ್ನು ಬಿಟ್ಟು ಬರಲಾರೆನೆಂದು ಹೇಳಿ, ಮತ್ತೊಮ್ಮೆ ಕಂಡರೆ ತನ್ನನ್ನು ಸಂಗಡಿಗಳೆಂದು ಕರೆಯುವಿರಾ ಎಂದು ಕೂಗಿ ಕೇಳಿದಳು. ಲೂಫಿಯು ಉತ್ತರ ಹೇಳಲು ಬಾಯಿತೆರೆದನು, ನಾಮಿಯು ತಡೆದಳು. ನೌಕಾದಳದವರು ನೋಡುತ್ತಿದ್ದರು, ಕಡಲ್ಗಳ್ಳರ ಸ್ನೇಹವು ತಿಳಿದುಬಂದರೆ ರಾಜಪುತ್ರಿಯು ಅಪರಾಧಿಯಾಗುವಳು. ಆದುದರಿಂದ ಅವರಲ್ಲಿ ಒಬ್ಬರೂ ಮಾತಾಡಲಿಲ್ಲ, ಹಿಂದಿರುಗಿ ನೋಡಲೂ ಇಲ್ಲ. ದಡಕ್ಕೆ ಬೆನ್ನುಮಾಡಿ ಸಾಲಾಗಿ ನಿಂತು, ಗೆರೆಗಳು ಕಾಣುವಂತೆ ಎಡತೋಳುಗಳನ್ನು ಮೇಲಕ್ಕೆತ್ತಿದರು. ದಡದ ಮೇಲೆ ನಿಂತಿದ್ದ ಅವಳೂ ತನ್ನ ತೋಳನ್ನೆತ್ತಿದಳು.