ಪಕ್ಕದ ಮನೆಯ ಕೂಸು, ನಮ್ಮ ಮನೆಯ ಉದ್ಯೋಗ

ಬೆಳಗಿನ ಹೊತ್ತು ನೆಲಮಂಗಲದ ಬಸ್ ನಿಲ್ದಾಣದ ಕಡೆ ಹೋದರೆ, ಊಟದ ಡಬ್ಬಿ ಹಿಡಿದು ಪೀಣ್ಯಕ್ಕೋ ದಾಬಸ್‌ಪೇಟೆಗೋ ಹೊರಟ ಹೆಂಗಸರು ಕಾಣುತ್ತಾರೆ. ಇವರಲ್ಲಿ ಎಷ್ಟೋ ಮಂದಿಗೆ ಮನೆಯಲ್ಲಿ ಅತ್ತೆ ಇಲ್ಲ, ತವರು ದೂರ. ಕೈಗೂಸನ್ನು ಯಾರ ಮಡಿಲಿಗೆ ಹಾಕಿ ಹೋಗಬೇಕು? ಅಂಗನವಾಡಿಯ ಆಟಪಾಠವೆಲ್ಲ ಮೂರು ವರ್ಷ ತುಂಬಿದವರಿಗೆ. ಕೊನೆಗೆ ಹತ್ತು ವರ್ಷದ ಅಕ್ಕ ಶಾಲೆ ಬಿಟ್ಟು ತಮ್ಮನನ್ನು ಕಾಯುತ್ತಾಳೆ, ಇಲ್ಲವೇ ತಾಯಿಯೇ ಕೆಲಸ ಬಿಡುತ್ತಾಳೆ.

ಇಂಥ ಮಕ್ಕಳನ್ನು ನೋಡಿಕೊಳ್ಳುವುದನ್ನೇ ನಾವು ಗೃಹಿಣಿಯರು ಉದ್ಯೋಗ ಮಾಡಿಕೊಳ್ಳಬಾರದೇಕೆ? "ಅಯ್ಯೋ, ಮಗು ನೋಡ್ಕೊಳ್ಳೋದಕ್ಕೆ ದುಡ್ಡು ಕೇಳೋದೇ!" ಎಂಬ ಸಂಕೋಚ ಕೆಲವರಿಗೆ. ಹೊಲಿಗೆಗೆ, ಹಪ್ಪಳಕ್ಕೆ ಇಲ್ಲದ ಸಂಕೋಚ ಇದಕ್ಕೇಕೋ ನಾನರಿಯೆ. ಕರ್ನಾಟಕ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಆರಂಭಿಸಿದಾಗ, ಮಕ್ಕಳನ್ನು ನೋಡಿಕೊಳ್ಳುವ ಮಹಿಳೆಯರಿಗೆ ತರಬೇತಿಯನ್ನೂ ಕೂಲಿಯನ್ನೂ ಕೊಟ್ಟಿತು. ಅಂದಮೇಲೆ ಇದು ಕೆಲಸವೇ ತಾನೆ?

ಹೆತ್ತು ಸಾಕಿದವಳಿಗೆ ತರಬೇತಿ ಏತಕ್ಕೆ ಎನ್ನಬೇಡಿ. ನಮ್ಮ ಮಗು ಬಿದ್ದರೆ ನಾವು ಅಳುತ್ತೇವೆ, ಪರರ ಮಗು ಬಿದ್ದರೆ ಉತ್ತರ ಹೇಳಬೇಕು. ಲೆಕ್ಕ ಇಡುವುದು, ಬ್ಯಾಂಕ್ ಸಾಲ ಮುಂತಾದ ಸ್ವಂತ ಉದ್ಯೋಗದ ವಿಷಯಗಳಿಗೆ ನಮ್ಮ ತಾಲ್ಲೂಕಿನ ಅರಿಶಿನಕುಂಟೆಯಲ್ಲೇ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ಸಂಸ್ಥೆ ಅದು. ತರಬೇತಿ, ಊಟ, ವಸತಿ ಎಲ್ಲ ಉಚಿತ. ಮಕ್ಕಳ ಆರೋಗ್ಯದ ವಿಷಯವನ್ನು ಆಶಾ ಕಾರ್ಯಕರ್ತೆಯಿಂದ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ತಿಳಿಯಿರಿ. ಪ್ರಥಮ ಚಿಕಿತ್ಸೆಯನ್ನು ಮಾತ್ರ ಕೈಯಾರೆ ಮಾಡಿ ಕಲಿಯಲೇಬೇಕು.

ಮೊದಲು ಮನೆಯನ್ನು ಮಗುವಿನ ಎತ್ತರಕ್ಕೆ ಕುಳಿತು ನೋಡಿ. ಸಂಪಿನ ಮುಚ್ಚಳಕ್ಕೆ ಬೀಗ ಬೇಕು. ಬಚ್ಚಲಿನ ಬಕೆಟ್ ಬೋರಲಾಗಿರಲಿ, ತಳದಲ್ಲಿ ಒಂದಿಷ್ಟು ನೀರಿದ್ದರೂ ಅಂಬೆಗಾಲಿಡುವ ಕೂಸಿಗೆ ಅಪಾಯ. ಕಡಲೆಕಾಯಿ ಬೀಜ, ಹುರಿಗಡಲೆ ಕೈಗೆಟುಕಬಾರದು. ವರ್ಷದೊಳಗಿನ ಕೂಸಿನ ಗಂಟಲಲ್ಲಿ ಏನಾದರೂ ಸಿಕ್ಕಿ ಉಸಿರು ಕಟ್ಟಿದರೆ ಬಾಯೊಳಗೆ ಬೆರಳಾಡಿಸಬೇಡಿ. ತಲೆ ತಗ್ಗಿಸಿ ಮುಂಗೈ ಮೇಲೆ ಬೋರಲು ಮಲಗಿಸಿ, ಎರಡು ಹೆಗಲ ಮೂಳೆಗಳ ನಡುವೆ ಅಂಗೈಯಿಂದ ಐದು ಸಲ ತಟ್ಟಬೇಕು. ನಿದ್ದೆಗೆ ಅಂಗಾತ ಮಲಗಿಸಿ. ಒಂದು ವರ್ಷ ತುಂಬುವವರೆಗೆ ಜೇನು ನೆಕ್ಕಿಸಕೂಡದು (ಹಿರಿಯರು ಏನೇ ಹೇಳಲಿ). ಭೇದಿಯಾದರೆ ಓಆರ್‌ಎಸ್ ಪೊಟ್ಟಣ ಮನೆಯಲ್ಲಿರಲಿ. ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಮೂರು ಮಕ್ಕಳಿಗಿಂತ ಹೆಚ್ಚಿಗೆ ಆಸೆಪಡಬೇಡಿ, ಅದರಲ್ಲಿ ಕೈಗೂಸು ಒಂದೇ ಇರಲಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ತಿಳಿಸಿ. ಮುಂದೆ ಮಕ್ಕಳು ಹೆಚ್ಚಾದರೆ ಪರವಾನಗಿಯ ವಿಷಯ ನಗರಸಭೆಯಲ್ಲಿ ವಿಚಾರಿಸಿ.

ದರ ಹೇಳುವುದೇ ಕಷ್ಟದ ಮಾತು. ಗಾರ್ಮೆಂಟ್ಸ್ ಹುಡುಗಿಯ ಸಂಬಳದಲ್ಲಿ ಅರ್ಧ ಕೇಳಿದರೆ ಅವಳು ದುಡಿದೂ ಫಲವಿಲ್ಲ. ನಾಚಿಕೊಂಡು ತೀರಾ ಕಡಿಮೆ ಹೇಳಿದರೆ ಮೂರು ತಿಂಗಳಿಗೆ ನಿಮಗೇ ಬೇಸರ ಬಂದು, ಆ ಸಿಡುಕು ಮಗುವಿನ ಮೇಲೆ ತಿರುಗುತ್ತದೆ. ಹಾಲು, ತಿಂಡಿ ಬೇರೆ ಲೆಕ್ಕ, ದಿನದ ದುಡಿಮೆ ಬೇರೆ ಲೆಕ್ಕ ಮಾಡಿ ತಾಯಿಯ ಎದುರಿಗೇ ಬರೆದು ತೋರಿಸಿ. ತಡವಾಗಿ ಬಂದರೆ ಏನು, ಹಬ್ಬದ ರಜೆ ಯಾವುದು, ಜ್ವರ ಬಂದ ಮಗುವನ್ನು ಕರೆತರಬಹುದೇ, ತಾಯಿಯಲ್ಲದೆ ಬೇರೆ ಯಾರ ಕೈಗೆ ಒಪ್ಪಿಸಬಹುದು, ಎಲ್ಲವೂ ಒಂದು ನೋಟ್‌ಬುಕ್ಕಿನಲ್ಲಿದ್ದು ಇಬ್ಬರ ಸಹಿಯೂ ಇರಲಿ. ಮೊದಲ ವಾರ ತಾಯಿಯೂ ಒಂದೆರಡು ಗಂಟೆ ಜೊತೆಗೆ ಕುಳಿತು ಹೋಗಲಿ. ಹೊಸ ಮಡಿಲು ಒಗ್ಗಲು ಕೂಸಿಗೆ ಅಷ್ಟಾದರೂ ಸಮಯ ಬೇಕು.