ಗಿಡ್ಡಗೂದಲೂ ನೀರಿನ ಉಪಾಯವೂ

ಗಿಡ್ಡಗೂದಲಿಗೆ ತನ್ನನ್ನು ಕೆಳಕ್ಕೆಳೆದು ನಿಲ್ಲಿಸುವಷ್ಟು ಭಾರವಿಲ್ಲ. ಆದುದರಿಂದಲೇ ಗಾಳಿಯಲ್ಲಿ ತೇವವೇರಿದೊಡನೆ ನನ್ನ ತಲೆ ಕೆದರುತ್ತದೆ. ಕಾದ ಇಕ್ಕಳದಿಂದ ಅದನ್ನು ನಯಗೊಳಿಸಬಹುದು, ನಿಜ. ಆದರೆ ಕೂದಲು ಕೆರಾಟಿನ್ ಎಂಬ ಪ್ರೋಟೀನಿನ ನಿರ್ಜೀವ ಎಳೆ. ಸುಟ್ಟ ಭಾಗ ಮತ್ತೆ ಮಾಯುವುದಿಲ್ಲ. ಹೊಸದು ಬೆಳೆಯುವುದೋ ತಿಂಗಳಿಗೆ ಸುಮಾರು 1 ಸೆಂಟಿಮೀಟರು ಮಾತ್ರ.

ಬಿಸಿಯ ಕೆಲಸವನ್ನು ನೀರೇ ಮಾಡಬಲ್ಲದು. ನೆನೆದ ಕೂದಲಿನಲ್ಲಿ ಹೈಡ್ರೊಜನ್ ಬಂಧಗಳು ಸಡಿಲುತ್ತವೆ. ಒಣಗುವಾಗ ಕೂದಲು ಹೇಗಿರುವುದೋ ಹಾಗೆಯೇ ಮರಳಿ ಬಿಗಿಯುತ್ತವೆ. ಆದುದರಿಂದ ನಾನು ಮಿಂದ ಮೇಲೆ ತಲೆಯನ್ನು ಉಜ್ಜದೆ, ಹಳೆಯ ಹತ್ತಿಬಟ್ಟೆಯಿಂದ ಒತ್ತಿ ನೀರು ತೆಗೆಯುತ್ತೇನೆ. ಎರಡು ಹನಿ ಕೊಬ್ಬರಿ ಎಣ್ಣೆ ಸವರಿ, ಅಗಲ ಹಲ್ಲಿನ ಬಾಚಣಿಗೆಯಿಂದ ಬಾಚಿ, ಒಣಗುವವರೆಗೆ ತೆಳುಬಟ್ಟೆ ಕಟ್ಟಿಕೊಳ್ಳುತ್ತೇನೆ. ಮಳೆಗಾಲದ ತೇವ ಬಂಧಗಳನ್ನು ಪುನಃ ಸಡಿಲಿಸೀತು. ಆಗ ತುಸು ನೀರು ಚಿಮುಕಿಸಿ ಬಾಚಿದರಾಯಿತು. ಕೂದಲು ಸುಡುವ ಭಯವಂತೂ ಇಲ್ಲ.